26 ಹೆಕ್ಟೇರಿನ ಮೀಸಲು ದ್ವೀಪ: ಪ್ರವಾಸಿಗರ ದೋಣಿ ಬೇಕೆ, ಬೇಡವೆ?

ಮಾರಿಷಸ್‌ನ ಆಗ್ನೇಯ ಕರಾವಳಿಯಲ್ಲಿ, ಮಹೆಬೂರ್ ಪಟ್ಟಣದ ಹತ್ತಿರ, ದಡದಿಂದ ಕಿಲೊಮೀಟರಿಗೂ ಕಡಿಮೆ ದೂರದಲ್ಲಿ ಈಲ್-ಓ-ಜೆಗ್ರೆಟ್ ಎಂಬ ಹವಳಗಲ್ಲಿನ ದ್ವೀಪವಿದೆ. ವಿಸ್ತೀರ್ಣ ಸುಮಾರು 26 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 64 ಎಕರೆ. 1965ರಲ್ಲಿ ಇದು ನಿಸರ್ಗ ಮೀಸಲು ಪ್ರದೇಶವಾಯಿತು. 1980ರ ದಶಕದ ಮಧ್ಯಭಾಗದಿಂದ ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್ ಇದನ್ನು ನೋಡಿಕೊಳ್ಳುತ್ತಿದೆ. ಮಾರಿಷಸ್‌ನ ಒಣ ಕರಾವಳಿ ಕಾಡು ಕೊನೆಯದಾಗಿ ಉಳಿದದ್ದು ಇಲ್ಲಿ. ಮಾರ್ಗದರ್ಶಿಯ ಜೊತೆಗಾದರೆ ಪ್ರವಾಸಿಗರು ಇಲ್ಲಿಗೆ ಹೋಗಬಹುದು. ಅದೇ ದೇಶದ ಉತ್ತರಕ್ಕಿರುವ ರೌಂಡ್ ಐಲ್ಯಾಂಡ್ ಮಾತ್ರ ಮುಚ್ಚಿದ ಮೀಸಲು. ಅಪ್ಪಣೆ ಇಲ್ಲದೆ ಅಲ್ಲಿ ಯಾರೂ ಕಾಲಿಡುವಂತಿಲ್ಲ. ಈಲ್-ಓ-ಜೆಗ್ರೆಟ್ಟನ್ನೂ ಹಾಗೆಯೇ ಮುಚ್ಚಬೇಕೇ?

ಪರ: ದೋಣಿ ನಿಂತರೆ ಕಳೆ ಕೀಳುವವರು ಯಾರು?

ಮೀಸಲು ದ್ವೀಪ ಎಂದ ಕೂಡಲೇ ಹಲವರ ಮನಸ್ಸಿಗೆ ಬರುವುದು ಬೀಗ. ಜನರನ್ನು ಹೊರಗಿಟ್ಟರೆ ಸಾಕು, ಉಳಿದದ್ದನ್ನು ನಿಸರ್ಗವೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ. ಯಾರೂ ಮುಟ್ಟದ ದ್ವೀಪಕ್ಕೆ ಅದು ಸರಿಯಿದ್ದೀತು. ಈಲ್-ಓ-ಜೆಗ್ರೆಟ್ ಅಂಥದ್ದಲ್ಲ. ಇಲ್ಲಿನ ಕರಿಮರಗಳನ್ನು (ಎಬೊನಿ) ಸೌದೆಗಾಗಿ ಕಡಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಫಿರಂಗಿಗಳನ್ನಿಡಲು ಕಾಂಕ್ರೀಟ್ ಕಟ್ಟೆ ಕಟ್ಟಿದರು. ಇಲಿ, ಬೆಕ್ಕು ಬಂದವು. ಸುಬಾಬುಲ್ ಬಂತು, ನಮ್ಮ ಮಲೆನಾಡಿನ ಹಣ್ಣುಸಂಪಿಗೆಯ ಕುಲಕ್ಕೆ ಸೇರಿದ ಒಂದು ಮುಳ್ಳುಗಿಡವೂ ಬಂತು. ಇಷ್ಟೆಲ್ಲ ಆದ ಮೇಲೆ ಬೀಗ ಹಾಕಿದರೆ ಒಳಗೆ ಬೆಳೆಯುವುದು ಕರಿಮರವಲ್ಲ, ಸುಬಾಬುಲ್ ಮೆಳೆ.

ಕಳೆ ತೆಗೆಯುವ ಕೆಲಸ ಹೇಗಿರುತ್ತದೆ ಎಂದು ತಿಳಿಯದೆ ಈ ಚರ್ಚೆ ಮುಂದೆ ಹೋಗದು. ಹವಳಗಲ್ಲಿನ ನೆಲದಲ್ಲಿ ಮಣ್ಣು ತೀರಾ ತೆಳು. ಬೇರುಗಳು ಕಲ್ಲಿನ ಸೀಳುಗಳೊಳಗೆ ಇಳಿದಿರುತ್ತವೆ. ಎಳೆದು ಕಿತ್ತರೆ ಪಕ್ಕದ ಕರಿಮರದ ಸಸಿಯೂ ಕಿತ್ತುಬರುತ್ತದೆ. ಹಾಗಾಗಿ ಗಿಡವನ್ನು ನೆಲಮಟ್ಟಕ್ಕೆ ಕಡಿದು, ಬೊಡ್ಡೆಯ ಹಸಿಗಾಯಕ್ಕೆ ಕೆಲವೇ ನಿಮಿಷಗಳಲ್ಲಿ ಕುಂಚದಿಂದ ಕಳೆನಾಶಕ ಬಳಿಯಬೇಕು. ತಡವಾದರೆ ಗಾಯ ಒಣಗಿ ಔಷಧ ಒಳಗಿಳಿಯುವುದಿಲ್ಲ, ಮುಂದಿನ ಮಳೆಗೆ ಒಂದು ಬೊಡ್ಡೆಯಿಂದ ಐದಾರು ಚಿಗುರು ಏಳುತ್ತವೆ. ಕಡಿದ ಜಾಗಕ್ಕೆ ಬಿಸಿಲು ಬೀಳುತ್ತಿದ್ದಂತೆ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಒಟ್ಟಿಗೆ ಮೊಳೆಯುತ್ತವೆ. ಸುಬಾಬುಲ್ ಬೀಜ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದು. ಆದ್ದರಿಂದ ಇಡೀ ದ್ವೀಪವನ್ನು ಒಂದೇ ಸಲ ಬೋಳಿಸುವುದು ಮೂರ್ಖತನ. ತುಂಡು ತುಂಡಾಗಿ ಬಿಡಿಸಿ, ತೆರವಾದ ಕಡೆ ನರ್ಸರಿಯ ಸ್ಥಳೀಯ ಸಸಿ ನೆಟ್ಟು, ಬೇಸಿಗೆಯಲ್ಲಿ ನೀರು ಹೊತ್ತು ಹಾಕಿ, ಕೆಲವು ತಿಂಗಳಿಗೊಮ್ಮೆ ಅದೇ ತುಂಡಿಗೆ ಮತ್ತೆ ಹೋಗಬೇಕು. ಎರಡನೇ, ಮೂರನೇ ಸುತ್ತು ತಪ್ಪಿದರೆ ಮೊದಲ ಸುತ್ತಿನ ಕೂಲಿ ನೀರುಪಾಲು. ಈ ಕೆಲಸ ಮುಗಿಯುವ ದಿನವೆಂಬುದಿಲ್ಲ.

ಹಾಗಾದರೆ ಹಣ? ದಾನಿ ಸಂಸ್ಥೆಗಳು ಸಾಮಾನ್ಯವಾಗಿ ಎರಡು-ಮೂರು ವರ್ಷಗಳ ಯೋಜನೆಗೆ ಕೊಡುತ್ತವೆ. ಹಕ್ಕಿ ಬಿಡುವುದಕ್ಕೆ, ಆಮೆ ತರುವುದಕ್ಕೆ, ಅಂದರೆ ಫೋಟೊ ಬರುವ ಕೆಲಸಗಳಿಗೆ. ಏಳನೇ ಸುತ್ತಿನ ಕಳೆಗೆ, ಕಾವಲುಗಾರನ ರಾತ್ರಿಪಾಳಿಗೆ, ದೋಣಿಯ ಎಂಜಿನ್ ರಿಪೇರಿಗೆ ಯಾವ ದಾನಿಯೂ ಉತ್ಸಾಹದಿಂದ ಚೆಕ್ ಬರೆಯುವುದಿಲ್ಲ. ಟಿಕೆಟ್ ಹಣಕ್ಕೆ ಇಂಥ ಷರತ್ತು ಇಲ್ಲ. ಬಂದ ದಿನ ಬಂದಷ್ಟು, ಬೇಕಾದಲ್ಲಿ ಖರ್ಚು. ಹೊರಗಿನವರಿಗೆ ಇದು ಸಣ್ಣ ಸಂಗತಿ ಎನ್ನಿಸಬಹುದು. ಇಂಥ ಜಾಗದ ಖರ್ಚುಪಟ್ಟಿ ಬರೆಯುವವರಿಗೆ ಅಲ್ಲ.

ಪ್ರವಾಸಿಗರು ಬಂದರೆ ಕಾಡು ಹಾಳಾಗುತ್ತದೆ ಎನ್ನುವವರು ಈ ದ್ವೀಪದ ಇತ್ತೀಚಿನ ಚರಿತ್ರೆ ನೋಡಬೇಕು. 1990ರ ಸುಮಾರಿಗೆ ಮಾರಿಷಸ್‌ನ ಕಾಡುಗಳಲ್ಲಿ ಗುಲಾಬಿ ಪಾರಿವಾಳಗಳು ಹತ್ತರ ಆಸುಪಾಸಿಗೆ ಇಳಿದಿದ್ದವು. ಇಲಿಗಳನ್ನು ತೆಗೆದ ಈ ದ್ವೀಪದಲ್ಲಿ 1994ರಿಂದ ಅವನ್ನು ಬಿಟ್ಟರು. ಬೆಕ್ಕಿಲ್ಲ, ಕೋತಿಯಿಲ್ಲ, ಇಲಿಯಿಲ್ಲ, ಗೂಡುಗಳು ಉಳಿದವು. ಈಗ ದೇಶದಲ್ಲಿ ಅವು ನೂರಾರು ಇವೆ. ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ 2018ರಲ್ಲಿ ಅವುಗಳ ಅಪಾಯದ ದರ್ಜೆಯನ್ನು ಇಳಿಸಲಾಯಿತು. ಮಾರಿಷಸ್ ಫೋಡಿ, ಆಲಿವ್ ಬೆಳ್ಗಣ್ಣ ಹಕ್ಕಿಗಳನ್ನು ಇಲ್ಲಿ ನೆಲೆಗೊಳಿಸಿದ್ದು 2000ದ ಈಚೆಗೆ. ಇವುಗಳಲ್ಲಿ ಹೆಚ್ಚಿನವು ಪ್ರವಾಸಿಗರು ಬಂದುಹೋಗುತ್ತಿದ್ದ ವರ್ಷಗಳ ಕೆಲಸ.

ಆಮೆಗಳ ಕಥೆಯಂತೂ ಇನ್ನೂ ಸೊಗಸು. ಈ ದ್ವೀಪದ ಕರಿಮರ ಬಿಡುವ ಹಣ್ಣು ದಪ್ಪ. ಅದನ್ನು ನುಂಗಿ ಬೀಜ ಹರಡುತ್ತಿದ್ದ ಮಾರಿಷಸ್‌ನ ದೈತ್ಯ ಆಮೆಗಳನ್ನು ನಾವಿಕರು ಹಡಗಿಗೆ ತುಂಬಿಕೊಂಡು ತಿಂದು ಮುಗಿಸಿದ್ದರು. ಹಣ್ಣು ತಾಯಿಮರದ ಬುಡದಲ್ಲೇ ಬಿದ್ದು ಕೊಳೆಯುತ್ತಿತ್ತು. ಮರ ಕಡಿದ ಜಾಗಗಳಿಗೆ ಬೀಜ ತಲುಪುವ ದಾರಿಯೇ ಇರಲಿಲ್ಲ. 2000ದಿಂದ ಸೆಶೆಲ್ಸ್‌ನ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ಬದಲಿಯಾಗಿ ತಂದುಬಿಟ್ಟರು. ಅವು ಹಣ್ಣು ತಿಂದು ದ್ವೀಪದ ಉದ್ದಗಲಕ್ಕೂ ಬೀಜ ಹಾಕಿದವು, ಹೊಟ್ಟೆಯಲ್ಲಿ ಹಾದುಬಂದ ಬೀಜ ಹೆಚ್ಚು ಚೆನ್ನಾಗಿ ಮೊಳೆಯಿತು. 2011ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿದೆ. ಇದನ್ನು ಪುಸ್ತಕದಲ್ಲಿ ಓದುವುದು ಒಂದು. ಲದ್ದಿಯಲ್ಲಿ ಮೊಳೆತ ಕರಿಮರದ ಸಸಿಯನ್ನು ಬಗ್ಗಿ ನೋಡಿದ ಶಾಲೆಯ ಹುಡುಗಿಗೆ ಅದು ಬೇರೆಯದೇ ರೀತಿಯಲ್ಲಿ ಅರ್ಥವಾಗುತ್ತದೆ.

ಪ್ರವಾಸಿಗರನ್ನು ಒಳಗೆ ಬಿಡುವುದಾದರೂ ಹೇಗೆ ಬಿಡಬೇಕು? ಇಳಿಯಲು ಒಂದೇ ಧಕ್ಕೆ. ದೋಣಿ ಹತ್ತುವ ಮೊದಲೇ, ದಡದ ಕಡೆಯಲ್ಲೇ, ಬೂಟಿನ ಅಡಿಯನ್ನು ಬಿರುಸು ಬ್ರಷ್ಷಿನಿಂದ ಉಜ್ಜಿಸಬೇಕು. ದ್ವೀಪಕ್ಕೆ ಬಂದ ಮೇಲೆ ಉಜ್ಜಿದರೆ ಬೀಜ ಬೀಳುವುದು ದ್ವೀಪದಲ್ಲೇ. ಕೈಚೀಲದ ತಳ, ಪ್ಯಾಂಟಿನ ಮಡಿಕೆ, ವೆಲ್ಕ್ರೊ ಪಟ್ಟಿ, ಕಾಲುಚೀಲ — ಬೀಜ ಕೂರುವುದು ಇಲ್ಲೇ. ತಿಂಡಿ ದಡದಲ್ಲೇ ಉಳಿಯಲಿ. ನೀರಿನ ಬಾಟಲಿ ಸಾಕು. ಮಾರ್ಗದರ್ಶಿ ಇಲ್ಲದ ಗುಂಪಿಲ್ಲ, ಹಾದಿ ಬಿಟ್ಟು ಹೆಜ್ಜೆಯಿಲ್ಲ. ಹಾದಿಯನ್ನು ಹೊಸದಾಗಿ ಕೊರೆಯದೆ, ಯುದ್ಧಕಾಲದಲ್ಲೇ ಕೆಟ್ಟಿರುವ ಜಾಗಗಳ ಮೇಲೆ ಹಾಯಿಸಬೇಕು. ಗುಂಪು ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ದೋಣಿಯ ಸೀಟು ತೀರ್ಮಾನಿಸಬಾರದು. ಹಿಂದೆ ನಿಂತ ಕೊನೆಯವನ ಕಾಲು ಮುಂದಿರುವ ಮಾರ್ಗದರ್ಶಿಗೆ ಕಾಣುತ್ತಿರಬೇಕು, ಅದೇ ಅಳತೆ.

ಇನ್ನು ಮುಚ್ಚಿದ ದ್ವೀಪ ಅಂದರೆ ಖಾಲಿ ದ್ವೀಪವೆಂದೇನೂ ಅಲ್ಲ. ದಡದಿಂದ ಇಷ್ಟು ಹತ್ತಿರವಿರುವ ಜಾಗಕ್ಕೆ ಬಲೆ ಒಣಗಿಸಲು, ಮೀನು ಸುಡಲು, ಸೌದೆಗೆ, ಮೋಜಿಗೆ ಯಾರಾದರೂ ಬಂದೇ ಬರುತ್ತಾರೆ. ನಮ್ಮ ನೇತ್ರಾಣಿಯಲ್ಲಿ ಆಡುಗಳು ಸೇರಿಕೊಂಡದ್ದು ಪ್ರವಾಸೋದ್ಯಮದಿಂದಲ್ಲ, ಮೀನುಗಾರರ ಹರಕೆಯಿಂದ. ದಿನವೂ ದೋಣಿ ಓಡಾಡುವ ಧಕ್ಕೆಯಲ್ಲಿ ದಿನವೂ ಕಣ್ಣಿರುತ್ತದೆ. ಇಲಿಯ ವಿಷಯವೂ ಹೀಗೆಯೇ. ನ್ಯೂಜಿಲೆಂಡಿನಲ್ಲಿ ಸಂಶೋಧಕರು ಕೊರಳಿಗೆ ರೇಡಿಯೊ ಕಟ್ಟಿ ಬಿಟ್ಟ ಒಂದು ಇಲಿ 400 ಮೀಟರ್ ಸಮುದ್ರ ಈಜಿ ಪಕ್ಕದ ದ್ವೀಪ ಸೇರಿತ್ತು. ಇಲಿಗೆ ನಮ್ಮ ಟಿಕೆಟ್ ಬೇಕಿಲ್ಲ. ಪ್ರವಾಸಿಗರಿರಲಿ ಬಿಡಲಿ, ದ್ವೀಪದ ಉದ್ದಗಲಕ್ಕೂ ವಿಷಪೆಟ್ಟಿಗೆ, ಹೆಜ್ಜೆಗುರುತು ಮೂಡಲು ಮಸಿ ಹಚ್ಚಿದ ಪುಟ್ಟ ಸುರಂಗ, ಕಡಲೆಕಾಯಿ ಬೆಣ್ಣೆ ಸೇರಿಸಿದ ಮೇಣದ ಬಿಲ್ಲೆ ಇಟ್ಟು ಹಲ್ಲಿನ ಗುರುತು ನೋಡುತ್ತಲೇ ಇರಬೇಕು. 50 ಮೀಟರಿಗೊಂದರಂತೆ ಇಟ್ಟರೂ 26 ಹೆಕ್ಟೇರಿಗೆ ನೂರಕ್ಕೂ ಹೆಚ್ಚು ಪೆಟ್ಟಿಗೆ. ಅವನ್ನು ತೆರೆದು ನೋಡುವ ಕೈಗಳಿಗೆ ಸಂಬಳ ಎಲ್ಲಿಂದ ಬರುತ್ತದೆ ಎನ್ನುವ ಪ್ರಶ್ನೆಗೇ ಮತ್ತೆ ಬಂದೆವು.

2020ರ ಜುಲೈ 25ರಂದು ವಕಾಶಿಯೊ ಎಂಬ ಸರಕು ಹಡಗು ಪ್ವಾಂತ್ ದೆಸ್ನಿಯ ಹವಳದಿಬ್ಬಕ್ಕೆ ಏರಿತು. ಆಗಸ್ಟ್ 6ರಂದು ಎಣ್ಣೆ ಸೋರತೊಡಗಿತು. ಸುಮಾರು ಸಾವಿರ ಟನ್ ಎಣ್ಣೆ ಹವಳದಿಬ್ಬ ಮತ್ತು ದಡದ ನಡುವಿನ ಶಾಂತ ಕಡಲಿಗೆ, ಅಂದರೆ ಲಗೂನಿಗೆ ಬಿತ್ತು, ಈ ದ್ವೀಪದ ತೀರಕ್ಕೂ ಬಡಿಯಿತು. ಸಿಬ್ಬಂದಿ ನರ್ಸರಿಯ ಸಸಿಗಳನ್ನು, ಕೆಲವು ಹಕ್ಕಿಗಳನ್ನು ದಡಕ್ಕೆ ಸಾಗಿಸಿದರು. ಊರಿನ ಸಾವಿರಾರು ಜನ ಕಬ್ಬಿನ ರವದಿಯನ್ನು ಬಟ್ಟೆ-ಬಲೆಯ ಚೀಲಗಳಿಗೆ ತುರುಕಿ, ತೇಲಲು ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ತೇಲುವ ತಡೆಬೇಲಿ ಹೆಣೆದರು. ಆದೇಶಕ್ಕೆ ಕಾಯಲಿಲ್ಲ. ನೋಡಿದ, ನಡೆದಾಡಿದ ಜಾಗದ ಮೇಲಿನ ಅಕ್ಕರೆಗೂ ನಕ್ಷೆಯ ಮೇಲಿನ ಹಸಿರು ಚುಕ್ಕೆಯ ಮೇಲಿನ ಗೌರವಕ್ಕೂ ವ್ಯತ್ಯಾಸವಿದೆ.

ರೌಂಡ್ ಐಲ್ಯಾಂಡ್ ಹೋಲಿಕೆ ಕೊಡುವವರಿಗೆ ಒಂದೇ ಮಾತು. ಅದು ಮುಖ್ಯಭೂಮಿಯಿಂದ 22 ಕಿಲೊಮೀಟರಿಗೂ ಆಚೆ, ಸುತ್ತ ಕಡಿದಾದ ಬಂಡೆ. ಅಲೆಯ ಏರಿಳಿತ ನೋಡಿ ದೋಣಿಯಿಂದ ಬಂಡೆಗೆ ಹಾರಬೇಕು, ಇಲ್ಲವೇ ಹೆಲಿಕಾಪ್ಟರ್. ಅದಕ್ಕೆ ಬೀಗ ಹಾಕಿದ್ದು ಸಮುದ್ರ, ಸರ್ಕಾರ ಮುದ್ರೆಯೊತ್ತಿತು ಅಷ್ಟೆ. ಊರಿನ ಮಕ್ಕಳು ದಿನವೂ ಶಾಲೆಯ ಕಿಟಕಿಯಿಂದ ಕಾಣುವಂಥ ದ್ವೀಪಕ್ಕೆ ಅದೇ ಕಾಯಿದೆ ತಂದರೆ ಆ ಮಕ್ಕಳಿಗೆ ಉಳಿಯುವುದು ರಾತ್ರಿ ಕದ್ದು ಹೋಗುವ ಆಸೆ ಮಾತ್ರ.

ವಿರೋಧ: ಬೂಟು ಉಜ್ಜಿದರೆ ಸಾಲದು

ಕಳೆಯ ಬಗ್ಗೆ ಮೇಲೆ ಬರೆದದ್ದೆಲ್ಲ ಸರಿ. ಕುಂಚ ಹಿಡಿದವರು ಬೇಕು, ಅವರಿಗೆ ಸಂಬಳ ಬೇಕು. ತಕರಾರು ಇರುವುದು ಆ ಸಂಬಳವನ್ನು ಪ್ರವಾಸಿಗರ ದೋಣಿಗೆ ಗಂಟುಹಾಕಿದ್ದರಲ್ಲಿ.

ಮೊದಲು ದ್ವೀಪದ ಅಳತೆ ನೋಡಿ. 26 ಹೆಕ್ಟೇರನ್ನು ದುಂಡಗೆ ಮಾಡಿದರೆ ತ್ರಿಜ್ಯ 290 ಮೀಟರಿಗೂ ಕಡಿಮೆ. ಅಂದರೆ ದ್ವೀಪದ ಯಾವ ಮೂಲೆಯೂ ತೀರದಿಂದ ಐದು ನಿಮಿಷದ ನಡಿಗೆಗಿಂತ ಆಚೆಯಿಲ್ಲ. ದೊಡ್ಡ ಅಭಯಾರಣ್ಯದಲ್ಲಿ ಹೊರವಲಯ, ಒಳವಲಯ ಎಂದು ಭಾಗ ಮಾಡಬಹುದು. ಇಲ್ಲಿ ಎಲ್ಲವೂ ಹೊರವಲಯವೇ. ಒಂದೂವರೆ ಕಿಲೊಮೀಟರ್ ಹಾದಿ ಎಂದಿಟ್ಟುಕೊಳ್ಳಿ. ಎರಡೂ ಬದಿಗೆ 25 ಮೀಟರ್ ದೂರದವರೆಗೆ ಸದ್ದು, ಬೆಳಕು, ಕಳೆಬೀಜದ ಪ್ರಭಾವ ಎಂದು ಹಿಡಿದರೆ ಏಳೂವರೆ ಹೆಕ್ಟೇರ್ ಆಯಿತು, ದ್ವೀಪದ ಕಾಲುಭಾಗಕ್ಕಿಂತ ಹೆಚ್ಚು. "ಹಾದಿ ಬಿಟ್ಟು ಹೆಜ್ಜೆಯಿಲ್ಲ" ಎಂಬ ನಿಯಮದಿಂದ ಈ ಲೆಕ್ಕ ಕರಗುವುದಿಲ್ಲ.

ಬರುವವರ ಜೊತೆ ಏನೇನು ಬರುತ್ತದೆ ಎನ್ನುವುದು ಎರಡನೆಯದು, ಇದರಲ್ಲಿ ನಮ್ಮವರಿಗೆ ಹತ್ತಿರದ ಸಂಗತಿಯೂ ಇದೆ. ಮಾರಿಷಸ್‌ಗೆ ತೊಂದರೆ ಕೊಟ್ಟ ಪ್ರಾಣಿಗಳ ಪಟ್ಟಿ ತೆಗೆದರೆ ನಮ್ಮ ಮನೆಯ ಹಿತ್ತಿಲೇ ಎದುರು ನಿಲ್ಲುತ್ತದೆ: ಮೈನಾ, ಕೆಮ್ಮೀಸೆ ಪಿಕಳಾರ, ಮುಂಗುಸಿ, ಗೋಡೆಯ ಹಲ್ಲಿ, ರಾತ್ರಿ ಗೋಡೆಬದಿಯಲ್ಲಿ ಕಿಚಕಿಚ ಎನ್ನುತ್ತ ಓಡುವ ವಾಸನೆಯ ಸೊಂಡಿಲಿ. ಈಲ್-ಓ-ಜೆಗ್ರೆಟ್‌ನಲ್ಲಿ ಇಲಿಗಳನ್ನು 1991ರಲ್ಲಿ ನಿರ್ಮೂಲ ಮಾಡಿದರು. ಸೊಂಡಿಲಿ ಉಳಿಯಿತು. ಅದು ಹುಳ ತಿನ್ನುವ ಪ್ರಾಣಿ, ಧಾನ್ಯದ ವಿಷಗುಳಿಗೆಯನ್ನು ಮೂಸಿಯೂ ನೋಡದು. 1999ರ ಹೊತ್ತಿಗೆ ದ್ವೀಪವಿಡೀ ಜೀವಂತ ಹಿಡಿಯುವ ಬೋನುಗಳನ್ನಿಟ್ಟು ಅದನ್ನು ಮುಗಿಸಲು ನೋಡಿದರು. ಸಣ್ಣದೊಂದು ದ್ವೀಪದಲ್ಲಿ ಗೆದ್ದ ಅದೇ ವಿಧಾನ ಇಲ್ಲಿ ಸೋತಿತು. ಬೋನು ಕಂಡರೆ ಸರಿದುಹೋಗುವ ಕೆಲವೇ ಕೆಲವು ಉಳಿದರೆ ಸಾಕು, ಮತ್ತೆ ಮೊದಲಿನಿಂದ ಎಣಿಸಬೇಕು. ಅಂಗೈಯಗಲದ ಪ್ರಾಣಿ, ಮರಿ ಹಾವರಾಣಿಗಳನ್ನು ತಿಂದು ಹಾಕುತ್ತದೆ. ಮಾರಿಷಸ್‌ಗೇ ಸೀಮಿತವಾದ ಟೆಲ್‌ಫೇರ್ ಹಾವರಾಣಿಯನ್ನು ಈ ದ್ವೀಪದಲ್ಲಿ ಮತ್ತೆ ನೆಲೆಗೊಳಿಸುವ ಕೆಲಸ ಅಷ್ಟು ಕಷ್ಟವಾದದ್ದರ ಹಿಂದೆ ಅದೇ ಇತ್ತು.

ಗೋಡೆಯ ಹಲ್ಲಿಯದು ಇನ್ನೂ ಪಾಠ ಕಲಿಸುವ ಪ್ರಸಂಗ. ಏಷ್ಯಾದ ಮನೆಹಲ್ಲಿ ಬಂದ ಮೇಲೆ ಮಾರಿಷಸ್‌ನ ಸ್ಥಳೀಯ ರಾತ್ರಿಹಲ್ಲಿಗಳು ಒಂದೊಂದೇ ಜಾಗದಿಂದ ಮಾಯವಾಗಿ, ಮನೆಹಲ್ಲಿ ತಲುಪದ ಪುಟ್ಟ ದ್ವೀಪಗಳಲ್ಲಿ ಮಾತ್ರ ಉಳಿದವು. ಮನೆಹಲ್ಲಿ ಪ್ರಯಾಣ ಮಾಡುವುದು ಪೆಟ್ಟಿಗೆ, ಮಡಚಿದ ಟಾರ್ಪಾಲು, ಹಲಗೆಯ ಸಂದು, ದೋಣಿಯ ಚಾವಣಿಯಲ್ಲಿ. ಸಂದಿನಲ್ಲಿಟ್ಟ ಅದರ ಮೊಟ್ಟೆಯನ್ನು ಗಮನಿಸದವರೇ ಹೆಚ್ಚು. ಪ್ರವಾಸಿಗರೆಂದರೆ ಟಿಕೆಟ್ ಕೋಣೆ, ಶೌಚಾಲಯ, ನೆರಳಿನ ಚಪ್ಪರ, ದೀಪ. ದೀಪವಿದ್ದಲ್ಲಿ ಹುಳ, ಹುಳವಿದ್ದಲ್ಲಿ ಮನೆಹಲ್ಲಿ. ಬೂಟು ಉಜ್ಜುವ ಬ್ರಷ್ಷು ಇದನ್ನು ಹಿಡಿಯಲಾರದು.

ತಪಾಸಣೆ ಮಾಡುತ್ತೇವೆ ಎನ್ನುವವರು ಒಮ್ಮೆ ಗಡಿಯಾರ ಹಿಡಿದು ಲೆಕ್ಕ ಹಾಕಲಿ. ಒಬ್ಬರ ಬೂಟು, ಕಾಲುಚೀಲ, ಕೈಚೀಲ, ಕ್ಯಾಮೆರಾ ಚೀಲದ ಜೇಬುಗಳನ್ನು ಸರಿಯಾಗಿ ನೋಡಲು ನಾಲ್ಕು ನಿಮಿಷವಾದರೂ ಬೇಕು. ಇಪ್ಪತ್ತು ಜನಕ್ಕೆ ಎಂಬತ್ತು ನಿಮಿಷ. ದ್ವೀಪದ ಸುತ್ತಾಟವೇ ಎರಡು ತಾಸಿನೊಳಗಿನದು. ಹತ್ತೂವರೆಗೆ ಮುಂದಿನ ದೋಣಿ ಕಾಯುತ್ತಿರುವಾಗ ತಪಾಸಣೆ ನಾಲ್ಕು ನಿಮಿಷದಿಂದ ನಲವತ್ತು ಸೆಕೆಂಡಿಗೆ ಇಳಿಯುತ್ತದೆ. ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಪ್ರವಾಸದ ವೇಗವೇ ಅಂಥದ್ದು.

ಮುಚ್ಚಿದ ದ್ವೀಪಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ನೋಡಿ. ಸಾಮಾನನ್ನು ಇಲಿ-ಹಲ್ಲಿ ನುಸುಳದ ಮುಚ್ಚಿದ ಕೋಣೆಯಲ್ಲಿ ಬಿಚ್ಚಿ ಹರವುತ್ತಾರೆ. ಟೆಂಟಿನ ಹೊಲಿಗೆ, ಚೀಲದ ಝಿಪ್ಪು, ಬೂಟಿನ ನಾಲಿಗೆಯ ಹಿಂಬದಿ ಎಲ್ಲವನ್ನೂ ಬೆಳಕಿಗೆ ಹಿಡಿದು, ಬೀಜಗಳನ್ನು ಚಿಮುಟದಿಂದ ತೆಗೆದು, ಬಿಗಿ ಮುಚ್ಚಳದ ಡಬ್ಬಗಳಿಗೆ ತುಂಬುತ್ತಾರೆ. ರಟ್ಟಿನ ಪೆಟ್ಟಿಗೆ ಬೇಡ, ಅದರ ಅಲೆಪದರಗಳೊಳಗೆ ಇರುವೆ ಮತ್ತು ಜಿರಲೆ ಮೊಟ್ಟೆ ಕೂರುತ್ತವೆ. ತೊಗಟೆಯಿರುವ ಕಟ್ಟಿಗೆ ಬೇಡ. ಬೀಜವಿರುವ ತರಕಾರಿಯೂ ಬೇಡ. ಇದು ಅತಿಯಾಯಿತು ಎನ್ನುವವರಿಗೆ ಐಸ್‌ಲೆಂಡಿನ ಸುರ್ಟ್‌ಸೀ ದ್ವೀಪದ ಟೊಮೆಟೊ ನೆನಪಿಸಬಹುದು. 1963ರಲ್ಲಿ ಸಮುದ್ರದಿಂದ ಎದ್ದ ಆ ಜ್ವಾಲಾಮುಖಿ ದ್ವೀಪಕ್ಕೆ ವಿಜ್ಞಾನಿಗಳಿಗಷ್ಟೇ ಪ್ರವೇಶ. ಆದರೂ ಒಬ್ಬರು ಬಯಲಿಗೆ ಹೋಗಿಬಂದ ಜಾಗದಲ್ಲಿ ಟೊಮೆಟೊ ಗಿಡ ಎದ್ದಿತ್ತು. ಕಿತ್ತು ಹಾಕಿದರು. ಬೆರಳೆಣಿಕೆಯ ವಿಜ್ಞಾನಿಗಳಿಂದಲೇ ಹೀಗಾದರೆ ದಿನಕ್ಕೆ ಹಲವು ದೋಣಿ ಬರುವಲ್ಲಿ ಏನಾಗಬೇಡ?

ಈಜುವ ಇಲಿಯ ಉದಾಹರಣೆಯನ್ನು ಪರವಾದಿಗಳು ಅರ್ಧ ಹೇಳಿ ನಿಲ್ಲಿಸಿದ್ದಾರೆ. ಅದನ್ನು ಬಿಟ್ಟದ್ದು ಹತ್ತು ಹೆಕ್ಟೇರಿಗೂ ಚಿಕ್ಕದಾದ, ಇಲಿಯೇ ಇಲ್ಲದ ದ್ವೀಪದಲ್ಲಿ. ಒಂದೇ ಇಲಿ, ಕೊರಳಲ್ಲಿ ರೇಡಿಯೊ. ಬೋನು, ವಿಷ, ತರಬೇತಿ ಪಡೆದ ನಾಯಿ ಎಲ್ಲವೂ ಅದರ ಬೆನ್ನಿಗೆ. ಆದರೂ ಸಿಕ್ಕಿಬೀಳಲು 18 ವಾರ ಹಿಡಿಯಿತು. ಬೇರೆ ಇಲಿಗಳಿಲ್ಲದಿದ್ದಾಗ ಒಂಟಿ ಇಲಿ ಆಹಾರಕ್ಕೆ ಪರದಾಡುವುದಿಲ್ಲ, ಬೋನಿನ ಆಮಿಷ ಅದಕ್ಕೆ ಬೇಕಾಗಿಯೇ ಇಲ್ಲ. ಗಬ್ಬದ ಹೆಣ್ಣಾಗಿದ್ದರೆ? ಗರ್ಭ ಮೂರು ವಾರ, ಸೂಲಿಗೆ ಆರೆಂಟು ಮರಿ, ಮೂರು ತಿಂಗಳಿಗೆ ಮರಿಯೂ ತಾಯಿ. 18 ವಾರ ಎಂದರೆ ಮೊಮ್ಮಕ್ಕಳ ಕಾಲ. ಇಲಿ ಈಜಿಯೂ ಬರುತ್ತದೆ ಎನ್ನುವುದು ದೋಣಿಯ ದಾರಿಯನ್ನು ತೆರೆದಿಡಲು ಕಾರಣವಾಗಲಾರದು. ಎರಡು ಬಾಗಿಲಿರುವಾಗ ಮುಚ್ಚಲು ಸಾಧ್ಯವಾದದ್ದನ್ನಾದರೂ ಮುಚ್ಚಬೇಡವೆ?

ಈ ಇಡೀ ವಾದದಲ್ಲಿ ನನಗೆ ಅತಿ ಮುಖ್ಯವೆನ್ನಿಸುವುದು ಮುಂದಿನ ಅಂಶ. ಇಲಿ ಬಂದರೆ 1991ರಲ್ಲಿ ಮಾಡಿದಂತೆ ಮತ್ತೆ ತೆಗೆದರಾಯಿತು ಎಂಬ ಧೈರ್ಯ ಹಲವರಲ್ಲಿದೆ. ಇಲಿ ನಿರ್ಮೂಲನೆಗೆ ಹೆಚ್ಚಾಗಿ ಬಳಸುವುದು ಬ್ರೋಡಿಫಾಕಮ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮರುಬಳಕೆಯಾಗುವುದನ್ನು ಅದು ತಡೆಯುತ್ತದೆ. ತಿಂದ ಇಲಿ ಕೆಲವು ದಿನ ಚೆನ್ನಾಗಿಯೇ ಇದ್ದು ಆಮೇಲೆ ಒಳಗೆ ರಕ್ತ ಸೋರಿ ಸಾಯುತ್ತದೆ. ಸಾವಿಗೂ ಗುಳಿಗೆಗೂ ನಂಟು ಕಾಣದ್ದರಿಂದ ಉಳಿದ ಇಲಿಗಳು ಅನುಮಾನಪಡದೆ ತಿನ್ನುತ್ತಲೇ ಇರುತ್ತವೆ. ವಿಧಾನ ಗೆಲ್ಲುವುದು ಇದರಿಂದ. ಆದರೆ ಗುಳಿಗೆ ಇಲಿಗೊಂದೇ ಕಾಣುವುದಿಲ್ಲ. 1986ರಲ್ಲಿ ರೌಂಡ್ ಐಲ್ಯಾಂಡಿನ ಮೊಲಗಳನ್ನು ಇದೇ ವಿಷದಿಂದ ಮುಗಿಸಿದಾಗ ಮಳೆಗೆ ಮೆತ್ತಗಾದ ಗುಳಿಗೆ ತಿಂದು ಟೆಲ್‌ಫೇರ್ ಹಾವರಾಣಿಗಳೂ ಸತ್ತವು. ಈಲ್-ಓ-ಜೆಗ್ರೆಟ್‌ನಲ್ಲಿ 1991ರ ಕಾರ್ಯಾಚರಣೆ ನಡೆದಾಗ ಅಲ್ಲಿ ಗುಲಾಬಿ ಪಾರಿವಾಳವೂ ಇರಲಿಲ್ಲ, ಫೋಡಿಯೂ ಇರಲಿಲ್ಲ, ಹಾವರಾಣಿಯನ್ನಂತೂ ಇನ್ನೂ ತಂದಿರಲಿಲ್ಲ. ಈಗ ಎಲ್ಲವೂ ಇವೆ. ಪಾರಿವಾಳ ಧಾನ್ಯ ತಿನ್ನುವ ಹಕ್ಕಿ. ಧಾನ್ಯದ ಗುಳಿಗೆ ಅದಕ್ಕೆ ಬಡಿಸಿದ ಊಟ. ಹಾಗಾದರೆ ಮೊದಲು ಹಕ್ಕಿಗಳನ್ನೆಲ್ಲ ಹಿಡಿದು, ಪಂಜರಗಳಲ್ಲಿ ತಿಂಗಳುಗಟ್ಟಲೆ ಸಾಕಿ, ರೋಗ ಹರಡದಂತೆ ನೋಡಿಕೊಂಡು — ಗುಲಾಬಿ ಪಾರಿವಾಳಕ್ಕೆ ಗಂಟಲಿನ ಟ್ರೈಕೊಮೊನಾಸ್ ಸೋಂಕಿನ ಕಾಟ ಮೊದಲೇ ಇದೆ, ಒತ್ತಾಗಿ ಕೂಡಿಹಾಕಿದರೆ ಕುಡಿಯುವ ನೀರಿನಿಂದಲೇ ಹಬ್ಬುತ್ತದೆ — ಆಮೇಲೆ ವಿಷ ಹಾಕಬೇಕು. ದ್ವೀಪವನ್ನು ಸರಿಪಡಿಸಿದಷ್ಟೂ ಅದನ್ನು ಎರಡನೇ ಸಲ ಸರಿಪಡಿಸುವುದು ಕಷ್ಟವಾಗುತ್ತ ಹೋಗುತ್ತದೆ. ಮೂವತ್ತು ವರ್ಷಗಳ ಗೆಲುವು ಪ್ರವೇಶವನ್ನು ಸಡಿಲಿಸಲು ಕಾರಣ ಎಂದು ಅವರು ಓದುತ್ತಾರೆ. ಬಿಗಿಗೊಳಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ ಎಂದು ನಾನು ಓದುತ್ತೇನೆ.

ಟಿಕೆಟ್ ಹಣ ನಂಬಿಕಸ್ಥ ಎಂಬ ಮಾತನ್ನು 2020 ಮುಗಿಸಿಹಾಕಿತು. ಕೋವಿಡ್‌ಗಾಗಿ ಮಾರಿಷಸ್ ಮಾರ್ಚ್‌ನಲ್ಲಿ ಗಡಿ ಮುಚ್ಚಿತು. ಪೂರ್ತಿ ತೆರೆದದ್ದು 2021ರ ಅಕ್ಟೋಬರಿನಲ್ಲಿ. ನಡುವೆ ವಕಾಶಿಯೊ. ಖರ್ಚು ನೆತ್ತಿಗೇರಿದ ವರ್ಷವೇ ವಿದೇಶಿ ಪ್ರವಾಸಿಗರ ಟಿಕೆಟ್ ಹಣ ಬತ್ತಿತು. ಸುಬಾಬುಲ್ಲಿಗೆ ಲಾಕ್‌ಡೌನ್ ಇರಲಿಲ್ಲ. ಬೇರೆ ದಾರಿ ಇಲ್ಲವೆಂದೇನೂ ಅಲ್ಲ: 2019ರಲ್ಲಿ ಮಾರಿಷಸ್‌ಗೆ 13 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು. ವಿಮಾನ ನಿಲ್ದಾಣದಲ್ಲೇ ತಲೆಗೆ ಹತ್ತು ಮಾರಿಷಸ್ ರೂಪಾಯಿ ತೆರಿಗೆ ಹಾಕಿದ್ದರೂ 1 ಕೋಟಿ 30 ಲಕ್ಷ ರೂಪಾಯಿ ಆಗುತ್ತಿತ್ತು, ಒಂದೇ ಒಂದು ಬೂಟೂ ದ್ವೀಪದ ಮೇಲೆ ಬೀಳದೆ. ಒಳ್ಳೆಯ ವರ್ಷಗಳಲ್ಲಿ ಅದರ ಒಂದು ಪಾಲನ್ನು ಠೇವಣಿಯಿಟ್ಟಿದ್ದರೆ ಕೆಟ್ಟ ವರ್ಷವೂ ದಾಟುತ್ತಿತ್ತು.

ರವದಿಯ ತಡೆಬೇಲಿ ಹೆಣೆದವರ ಬಗ್ಗೆ ಎರಡು ಮಾತು. ಅವರ ಕೆಲಸ ದೊಡ್ಡದು. ಅದನ್ನು ಟಿಕೆಟ್ಟಿನ ಲೆಕ್ಕಕ್ಕೆ ಸೇರಿಸುವುದು ಸಣ್ಣತನ. ಆ ಊರಿನವರು ಇಳಿದದ್ದು ತಮ್ಮ ಲಗೂನಿಗಾಗಿ, ತಮ್ಮ ಮೀನಿಗಾಗಿ, ತಮ್ಮ ಮಕ್ಕಳು ಈಜುವ ನೀರಿಗಾಗಿ. ದ್ವೀಪಕ್ಕೆ ಟಿಕೆಟ್ ಕೊಂಡು ಬರುವವರಲ್ಲಿ ವಿದೇಶಿ ಪ್ರವಾಸಿಗರೂ ಇರುತ್ತಾರೆ. ಆ ವಾರ ಗಡಿ ಮುಚ್ಚಿತ್ತು. ಇನ್ನು ಶಾಲೆಯ ಮಕ್ಕಳು. ಅವರಿಗೆ ಕರಿಮರ, ಆಮೆ, ಪಾರಿವಾಳ ತೋರಿಸಬೇಕು, ನಿಜ. ಮುಖ್ಯಭೂಮಿಯಲ್ಲೇ ಶಾಮರೆಲ್‌ನ ಕರಿಮರದ ಕಾಡಿದೆ, ಫೆರ್ನೆ ಕಣಿವೆಯಿದೆ, ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಒಂದು ಇಲಿ ಬಂದರೆ ಅದು ಸಾವಿರದ ಒಂದನೆಯದು.

ಯಾರೂ ಹೋಗಬಾರದೆ? ಕೆಲಸವಿದ್ದವರು ಹೋಗಲಿ: ಕಳೆ ತೆಗೆಯುವವರು, ಹಕ್ಕಿಗಳಿಗೆ ಉಂಗುರ ತೊಡಿಸುವವರು, ಪೆಟ್ಟಿಗೆ ತೆರೆದು ನೋಡುವವರು, ವಾರಗಟ್ಟಲೆ ಉಳಿದು ಸಸಿ ನೆಡುವ ಸ್ವಯಂಸೇವಕರು. ಸಂಶೋಧಕರಿಗೂ ಅದೇ ಮುಚ್ಚಿದ ಕೋಣೆ, ಅದೇ ಚಿಮುಟ. ಕೊರಳಿನ ಗುರುತಿನ ಚೀಟಿ ನೋಡಿ ಬೀಜ ಬಿದ್ದುಹೋಗುವುದಿಲ್ಲ.

ಒಂದೇ ಏಟಿಗೆ ಮುಚ್ಚಲು ಸಾಧ್ಯವಿಲ್ಲವೆಂದಾದರೆ ಕನಿಷ್ಠ ಇಷ್ಟಾದರೂ ಲಿಖಿತವಾಗಿರಲಿ: ಮೇಣದ ಬಿಲ್ಲೆಯ ಮೇಲೆ ಅನುಮಾನದ ಹಲ್ಲುಗುರುತು ಕಂಡ ದಿನವೇ ಪ್ರವಾಸಿಗರ ದೋಣಿ ನಿಲ್ಲಬೇಕು, ಎಷ್ಟು ದಿನ ಗುರುತು ಕಾಣದಿದ್ದರೆ ಮತ್ತೆ ಓಡಬಹುದು ಎಂಬ ಸಂಖ್ಯೆ ಮೊದಲೇ ನಿಗದಿಯಾಗಿರಬೇಕು, ಮತ್ತು ನಿಲ್ಲಿಸುವ ಅಧಿಕಾರ ಟಿಕೆಟ್ ಹಣದಿಂದ ಸಂಬಳ ಬರದ ಅಧಿಕಾರಿಯ ಕೈಯಲ್ಲಿರಬೇಕು.